ಚೆಕ್‌ರೋಲಿನಿಂದ ಹಾಜರಿ ಪುಸ್ತಕಕ್ಕೆ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ಯಾವುದಾದರೂ ಸರ್ಕಾರಿ ಹೈಸ್ಕೂಲಿಗೆ ಜೂನ್ ತಿಂಗಳ ಮಧ್ಯದಲ್ಲಿ ಹೋಗಿ ನೋಡಿ. ಜಗಲಿಯ ಉದ್ದಕ್ಕೂ ಕೊಡೆಗಳು ಬಿಚ್ಚಿಕೊಂಡು ಕೂತಿರುತ್ತವೆ. ಒದ್ದೆ ಯೂನಿಫಾರ್ಮಿನ ಮುಗ್ಗಲು ವಾಸನೆ, ಹೊಸ ಪುಸ್ತಕದ ವಾಸನೆ ಎರಡೂ ಬೆರೆತು ಕೋಣೆ ತುಂಬಿರುತ್ತದೆ. ಹಿಂದಿನ ಬೆಂಚಿನವನೊಬ್ಬ ಕಾಲ್ಬೆರಳ ಸಂದಿಯಿಂದ ಉಂಬಳ ಕಿತ್ತು, ಅದನ್ನು ಯಾರ ಕಡೆ ಎಸೆಯಲಿ ಎಂದು ಹೊಂಚು ಹಾಕುತ್ತಿರುತ್ತಾನೆ. ಹೆಂಚಿನ ಮೇಲೆ ಹುಯ್ಯುವ ಮಳೆಯ ಸದ್ದಿಗೆ ಮೇಷ್ಟ್ರ ದನಿ ಮೂರನೇ ಬೆಂಚು ದಾಟುವುದಿಲ್ಲ. ಪಾಠ ಕೇಳಲಿ ಬಿಡಲಿ, ಒಂದು ಕೆಲಸ ಮಾತ್ರ ತಪ್ಪುವುದಿಲ್ಲ. ಮೇಷ್ಟ್ರು ಉದ್ದನೆಯ ಹಾಜರಿ ಪುಸ್ತಕ ಬಿಚ್ಚುತ್ತಾರೆ, ಒಬ್ಬೊಬ್ಬರ ಹೆಸರು ಕರೆಯುತ್ತಾರೆ, ಮಕ್ಕಳು 'ಪ್ರೆಸೆಂಟ್ ಸಾರ್' ಎನ್ನುತ್ತಾರೆ.

ಈ ಗುಡ್ಡಗಳ ಹೈಸ್ಕೂಲುಗಳಲ್ಲಿ ಬಹಳ ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಎಷ್ಟು ಸಾವಿರ ಸಲ ಹಾಜರಿ ಕರೆದೆನೋ ಲೆಕ್ಕವಿಲ್ಲ. ಕೆಲಸದಲ್ಲಿದ್ದಾಗ ಅದು ಹತ್ತು ನಿಮಿಷ ನುಂಗುವ ತಲೆನೋವು ಎನಿಸುತ್ತಿತ್ತು. ಈಗ ಹಿಂತಿರುಗಿ ನೋಡಿದರೆ, ಶಾಲೆ ಮಾಡಿದ ಅತಿ ದೊಡ್ಡ ಕೆಲಸ ಆ ಹತ್ತು ನಿಮಿಷದಲ್ಲೇ ಇತ್ತು ಅನಿಸುತ್ತದೆ. ಯಾಕೆ ಎಂದು ಹೇಳುತ್ತೇನೆ.

ಕಾಫಿ ತೋಟದಲ್ಲೂ ಒಂದು ಹಾಜರಿ ಪುಸ್ತಕ ಇರುತ್ತದೆ. ಅದಕ್ಕೆ ಚೆಕ್‌ರೋಲು ಅಂತ ಹೆಸರು. ಬೆಳಿಗ್ಗೆ ಲೈನ್ ಮನೆಗಳಿಂದ ಆಳುಗಳು ಬಂದು ಸಾಲಾಗಿ ನಿಲ್ಲುತ್ತಾರೆ, ರೈಟರು ಹೆಸರು ಕೂಗಿ ಗುರುತು ಹಾಕುತ್ತಾರೆ, ಮೇಸ್ತ್ರಿ ಕೆಲಸ ಹಂಚುತ್ತಾನೆ. ಆ ಪುಸ್ತಕದಲ್ಲಿ ಗಂಡಾಳು ಬೇರೆ, ಹೆಣ್ಣಾಳು ಬೇರೆ, ದಿನಗೂಲಿಯ ಲೆಕ್ಕ ಬೇರೆ. ದೊರೆಗಳ ಹೆಸರು ಅದರಲ್ಲಿ ಇರುವುದಿಲ್ಲ, ಪುಸ್ತಕ ಅವರದು. ಅದೇ ತೋಟದಿಂದ ಹೊರಟ ಮಕ್ಕಳು ಹತ್ತು ಗಂಟೆಗೆ ಇನ್ನೊಂದು ಪುಸ್ತಕದ ಮುಂದೆ ಕೂರುತ್ತಾರೆ. ಇದರಲ್ಲಿ ಇರುವುದು ಅಕಾರಾದಿ ಒಂದೇ. ಅಣ್ಣಪ್ಪ, ಅಬ್ದುಲ್, ಆಂಟನಿ, ಈಶ್ವರ ಅಂತ ಹೋಗುತ್ತದೆ. ಇವು ಉದಾಹರಣೆಗೆ ಹೇಳಿದ ಹೆಸರುಗಳು. ಅಣ್ಣಪ್ಪನ ಅಪ್ಪ ಮೂವತ್ತು ಎಕರೆ ತೋಟದವರು, ಅಬ್ದುಲ್ಲನ ಅಪ್ಪನದು ಪೇಟೆಯಲ್ಲಿ ಕರಿಮೆಣಸಿನ ವ್ಯಾಪಾರ, ಆಂಟನಿಯ ಅಪ್ಪ ಮರ ಕಪಾತು ಮಾಡುವವನು, ಈಶ್ವರನ ತಾಯಿ ಚೆಕ್‌ರೋಲಿನಲ್ಲಿರುವವಳು. ಇದ್ಯಾವುದೂ ಆ ಪುಸ್ತಕಕ್ಕೆ ಬೇಡ. ಸಂತೆಯಲ್ಲಿ ಒಬ್ಬ ಮಾರುವವನು, ಒಬ್ಬ ಕೊಳ್ಳುವವನು. ಜಾತ್ರೆಯಲ್ಲಿ ತೇರಿನ ಹಗ್ಗಕ್ಕೆ ಎಲ್ಲರೂ ಕೈ ಹಾಕಿದರೂ ಮೊದಲ ಮರ್ಯಾದೆ ಯಾರಿಗೆಂದು ಮೊದಲೇ ಗೊತ್ತು. ಊರಿನ ಮಕ್ಕಳನ್ನೆಲ್ಲ ಬರೀ ಹೆಸರಿನ ಮೊದಲಕ್ಷರದ ಮೇಲೆ ಸಾಲು ಹಿಡಿಸಿ ಕೂರಿಸಿದ ಜಾಗ ಹೈಸ್ಕೂಲು ಒಂದೇ.

ಇಂಥ ಹೈಸ್ಕೂಲು ಈ ಗುಡ್ಡಕ್ಕೆ ಸುಲಭವಾಗಿ ಬಂದದ್ದಲ್ಲ. ನಮ್ಮ ಜಿಲ್ಲೆಗೆ ಹಿಂದೆ ಕಡೂರು ಜಿಲ್ಲೆ ಎಂದು ಹೆಸರಿತ್ತು. ಚಿಕ್ಕಮಗಳೂರು ಜಿಲ್ಲೆ ಎಂದಾದದ್ದು 1947ರಲ್ಲಿ. ಮೈಸೂರು ಸಂಸ್ಥಾನ ಶಿಕ್ಷಣದ ವಿಷಯದಲ್ಲಿ ಹಿಂದುಳಿದದ್ದೇನಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಬಂತು, 1916ರಲ್ಲಿ ವಿಶ್ವವಿದ್ಯಾನಿಲಯವೇ ಬಂತು. ಆದರೆ ಕೆಳಗಿನ ಮೆಟ್ಟಿಲಿಗೂ ಮೇಲಿನ ಮೆಟ್ಟಿಲಿಗೂ ನಡುವೆ ಮಲೆನಾಡಿನಲ್ಲಿ ದೊಡ್ಡ ಕಂದಕ ಉಳಿಯಿತು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಒಬ್ಬ ಹುಡುಗ ತೀರ್ಥಹಳ್ಳಿಯಲ್ಲಿ ಮಿಡಲ್ ಸ್ಕೂಲು ಮುಗಿಸಿ, ಹೈಸ್ಕೂಲಿಗೆಂದು ಮೈಸೂರಿನ ವೆಸ್ಲಿಯನ್ ಮಿಷನ್ ಶಾಲೆಗೆ ಹೋದ. ಆ ಹುಡುಗ ಕುವೆಂಪು ಆದದ್ದು ನಮಗೆಲ್ಲ ಗೊತ್ತು. ಮನೆಯಲ್ಲಿ ಅನುಕೂಲವಿದ್ದವರ ಮಕ್ಕಳು ಹೀಗೆ ಗಾಡಿ ಕಟ್ಟಿಸಿಕೊಂಡು ಘಟ್ಟ ಇಳಿದೋ ಬಯಲು ದಾಟಿಯೋ ಹೋದರು. ಅನುಕೂಲವಿಲ್ಲದವರ ಮಕ್ಕಳು ಹೋಗಲಿಲ್ಲ. ಅವರಲ್ಲಿ ಎಷ್ಟು ಕವಿಗಳಿದ್ದರು ಎಂದು ಬರೆದಿಡುವುದಕ್ಕೆ ಹಾಜರಿ ಪುಸ್ತಕವೇ ಇರಲಿಲ್ಲ.

ತೋಟಗಳ ಒಳಗೆ ಏನಿತ್ತು? 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯಿದೆ ಒಂದು ಒಳ್ಳೆಯ ಮಾತು ಹೇಳಿತು. ತೋಟದಲ್ಲಿ ಆರರಿಂದ ಹನ್ನೆರಡು ವರ್ಷದೊಳಗಿನ ಕಾರ್ಮಿಕರ ಮಕ್ಕಳು 25ಕ್ಕಿಂತ ಹೆಚ್ಚು ಇದ್ದರೆ, ಅವರ ಓದಿಗೆ ಮಾಲೀಕರೇ ಏರ್ಪಾಟು ಮಾಡುವಂತೆ ಸರ್ಕಾರ ನಿಯಮ ತರಬಹುದು ಎಂದಿತು. ಒಳ್ಳೆಯದೇ. ಆದರೆ ಆ ಹನ್ನೆರಡು ಎಂಬ ಅಂಕಿಯನ್ನು ಸ್ವಲ್ಪ ನೋಡಿ. ಹನ್ನೆರಡು ದಾಟಿದ ಮೇಲೆ ಮಗು ಎಲ್ಲಿಗೆ ಹೋಗಬೇಕು? ಬುಟ್ಟಿ ಹಿಡಿದು ತಾಯಿಯ ಹಿಂದೆ ಹಣ್ಣು ಕೊಯ್ಯಲು ಹೋಗಬೇಕು, ಇಲ್ಲವೇ ಹೈಸ್ಕೂಲಿಗೆ ಹೋಗಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆ ಆ ಗೆರೆಯನ್ನು ಹದಿನಾಲ್ಕಕ್ಕೆ, ಎಂಟನೇ ತರಗತಿಗೆ ತಂದು ನಿಲ್ಲಿಸಿತು. ಒಂಬತ್ತು, ಹತ್ತು ಇವತ್ತಿಗೂ ಆ ಗೆರೆಯ ಆಚೆಗಿವೆ. ಚೆಕ್‌ರೋಲು ಮಗುವನ್ನು ಕೈಬೀಸಿ ಕರೆಯುವ ವಯಸ್ಸು ಅದೇ, ಕಾನೂನು ಕೈಬಿಡುವ ವಯಸ್ಸೂ ಅದೇ. ಆ ಸಂದಿಯಲ್ಲಿ ನಿಂತದ್ದು ನಮ್ಮ ಹೈಸ್ಕೂಲು.

ಸ್ವಾತಂತ್ರ್ಯ ಬಂದ ಮೇಲೆ ಹೈಸ್ಕೂಲುಗಳು ಒಂದೊಂದಾಗಿ ಪೇಟೆಗಳಿಗೆ, ಆಮೇಲೆ ಹೋಬಳಿಗಳಿಗೆ ಬಂದವು. ಕೆಲವನ್ನು ಮುನಿಸಿಪಾಲಿಟಿ, ತಾಲ್ಲೂಕು ಬೋರ್ಡುಗಳು ನಡೆಸಿದವು. ಹಳಬರ ಬಾಯಲ್ಲಿ 'ಬೋರ್ಡ್ ಹೈಸ್ಕೂಲು' ಎಂಬ ಮಾತು ಇನ್ನೂ ಇದೆ. ಊರವರು ಜಾಗ ಬಿಟ್ಟುಕೊಟ್ಟರು, ಮರ ಕೊಟ್ಟರು, ಶ್ರಮದಾನ ಮಾಡಿ ಗುಡ್ಡ ಕಡಿದು ಆಟದ ಮೈದಾನ ಮಾಡಿದರು. ಮಲೆನಾಡಿನಲ್ಲಿ ಒಂದು ಫುಟ್‌ಬಾಲ್ ಮೈದಾನದಷ್ಟು ಮಟ್ಟಸ ಜಾಗ ಮಾಡುವುದೆಂದರೆ ಎಷ್ಟು ಜನರ ಬೆವರು ಎಂಬುದನ್ನು ಬಯಲುಸೀಮೆಯವರಿಗೆ ಬಿಡಿಸಿ ಹೇಳಬೇಕು. ಅಷ್ಟು ಮಾಡಿದರೂ ಒಂದು ಮೂಲೆಯಲ್ಲಿ ಚೆಂಡು ಬಿದ್ದರೆ ಕೆಳಗಿನ ತೋಟಕ್ಕೇ ಉರುಳುತ್ತದೆ. ಮುಂದೆ ಹಲವು ಹೈಸ್ಕೂಲುಗಳ ತಲೆಯ ಮೇಲೆ ಜೂನಿಯರ್ ಕಾಲೇಜು ಬಂದು ಕೂತಿತು. ಮೂಡಿಗೆರೆಯಲ್ಲಿ ಪದವಿ ಕಾಲೇಜೂ ಬಂತು, ಅದಕ್ಕೆ ಡಿ.ಎಸ್. ಬಿಳಿಗೌಡರ ಹೆಸರು. ಚಿಕ್ಕಮಗಳೂರಿನ ಬಸವನಹಳ್ಳಿಯಲ್ಲಿ ಹೆಣ್ಣುಮಕ್ಕಳ ಸರ್ಕಾರಿ ಶಾಲೆ ಬೇರೆಯೇ ನಿಂತಿತು.

1974ರ ಭೂಸುಧಾರಣೆಯನ್ನು ಇಲ್ಲಿ ನೆನೆಯಬೇಕು. ಆ ತಿದ್ದುಪಡಿಯಿಂದ ಗೇಣಿದಾರರು ಗದ್ದೆಗಳ ಒಡೆಯರಾದರು. ಅವರ ಮಕ್ಕಳು ಹೈಸ್ಕೂಲಿಗೆ ಬಂದರು. ಮನೆಯಲ್ಲಿ ಅಕ್ಕಿ ಇದ್ದರೆ ಮಗ ಓದಬಹುದು. ಆದರೆ ಕಾಫಿ ತೋಟಗಳು ಆ ಕಾನೂನಿನ ಹೊರಗಿದ್ದವು. ಲೈನ್ ಮನೆಯಲ್ಲಿದ್ದವನಿಗೆ ಒಂದು ಗುಂಟೆಯೂ ಬರಲಿಲ್ಲ. ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕು. ಅಂಥವನ ಮಗನಿಗೆ ಈ ಲೋಕದಲ್ಲಿ ತನ್ನದು ಎಂದು ಹೇಳಿಕೊಳ್ಳುವ ಮೊದಲ ಕಾಗದ ಯಾವುದು? ಪಹಣಿಯಲ್ಲ, ಹಕ್ಕುಪತ್ರವಲ್ಲ. ಎಸ್.ಎಸ್.ಎಲ್.ಸಿ. ಮಾರ್ಕ್ಸ್ ಕಾರ್ಡು. ಹುಟ್ಟಿದ ತಾರೀಕಿಗೆ ಅದೇ ಪುರಾವೆ, ಕೆಲಸಕ್ಕೆ ಅದೇ ರಹದಾರಿ. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಹೊಗೆ ತಾಗದ ಹಾಗೆ, ಗೆದ್ದಲು ಹತ್ತದ ಹಾಗೆ, ಮಾಡಿನ ಜಂತಿಗೆ ಸಿಕ್ಕಿಸಿಟ್ಟ ಮನೆಗಳನ್ನು ನಾನು ಕಂಡಿದ್ದೇನೆ.

ಶಾಲೆಯ ಚರಿತ್ರೆ ಓದಬೇಕೆಂದರೆ ಬೆಳ್ಳಿಹಬ್ಬದ ಸ್ಮರಣ ಸಂಚಿಕೆ ಹುಡುಕಬೇಡಿ. ಅದರಲ್ಲಿ ಗಣ್ಯರ ಭಾವಚಿತ್ರಗಳಿರುತ್ತವೆ. ಹೆಡ್‌ಮಾಸ್ಟರ ಕೋಣೆಯ ಕಬ್ಬಿಣದ ಬೀರುವಿನಲ್ಲಿ ದಾಖಲಾತಿ ಪುಸ್ತಕ ಇರುತ್ತದೆ, ಅದನ್ನು ಕೇಳಿ ನೋಡಿ. ಅಂಚು ಸವೆದಿರುತ್ತದೆ, ಮಳೆಗಾಲದ ತೇವಕ್ಕೆ ಹಾಳೆ ಉಬ್ಬಿರುತ್ತದೆ, ಹಳೆಯ ಶಾಯಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಹೆಸರು, ತಂದೆಯ ಹೆಸರು, ಜಾತಿ, ಮಾತೃಭಾಷೆ, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ. ಮಾತೃಭಾಷೆಯ ಕಾಲಂ ಒಂದನ್ನೇ ಮೇಲಿನಿಂದ ಕೆಳಗೆ ಓದಿದರೆ ಊರು ಕಣ್ಣ ಮುಂದೆ ನಿಲ್ಲುತ್ತದೆ: ಕನ್ನಡ, ತುಳು, ಕೊಂಕಣಿ, ಬ್ಯಾರಿ, ಉರ್ದು, ತಮಿಳು, ಮಲಯಾಳಂ. ಘಟ್ಟದ ಕೆಳಗಿನಿಂದ, ತಮಿಳು ಸೀಮೆಯಿಂದ, ಮಲಬಾರಿನಿಂದ ಕಾಫಿ ಕರೆದುಕೊಂಡು ಬಂದ ಜನ. ಇವರ ಮಕ್ಕಳೆಲ್ಲ ಜಗಳವಾಡಿದ್ದು, ಪ್ರೀತಿ ಮಾಡಿದ್ದು, ಚೀಟಿ ಬರೆದದ್ದು ಕನ್ನಡದಲ್ಲಿ. ಕನ್ನಡ ಮೇಷ್ಟ್ರಾಗಿ ನಾನು ಹೇಳುತ್ತೇನೆ, ಆ ಕನ್ನಡ ಅವರಿಗೆ ಬಂದದ್ದು ನನ್ನ ವ್ಯಾಕರಣದಿಂದಲ್ಲ, ಕಬಡ್ಡಿ ಅಂಕಣದಿಂದ.

ಬಿಟ್ಟ ಕಾರಣದ ಕಾಲಂ ಮಾತ್ರ ಓದುವುದು ಕಷ್ಟ. 'ಪೋಷಕರು ಊರು ಬಿಟ್ಟ ಕಾರಣ' ಎಂದಿರುತ್ತದೆ. ಅಂದರೆ ತೋಟ ಬದಲಾಯಿಸಿದರು. 'ದೀರ್ಘ ಗೈರು' ಎಂದಿರುತ್ತದೆ. ಗಂಡಾದರೆ ಕೆಲಸಕ್ಕೆ ಸೇರಿದ, ಹೆಣ್ಣಾದರೆ ಮದುವೆಯಾಯಿತು ಅಥವಾ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದಳು ಎಂದು ಅರ್ಥ. ಎರಡೇ ಶಬ್ದದಲ್ಲಿ ಒಂದು ಬಾಳು ಮುಗಿದಿರುತ್ತದೆ. ಆ ಶಬ್ದಗಳನ್ನು ನಾನೂ ಬರೆದಿದ್ದೇನೆ.

ಈಗ ಮಕ್ಕಳು ಶಾಲೆಗೆ ಬರುವ ದಾರಿಗೆ ಬರೋಣ. ಬಯಲಿನಲ್ಲಿ ಶಾಲೆ ಎಷ್ಟು ದೂರ ಎಂದರೆ ಮೈಲಿ ಹೇಳುತ್ತಾರೆ. ನಮ್ಮಲ್ಲಿ ಎಷ್ಟು ಹಳ್ಳ, ಎಷ್ಟು ಸಂಕ ಎಂದು ಹೇಳಬೇಕು. ಎರಡು ಅಡಿಕೆ ಮರ ಉರುಳಿಸಿ ಬಳ್ಳಿ ಬಿಗಿದರೆ ಅದು ಸಂಕ. ಜುಲೈಯಲ್ಲಿ ಹಳ್ಳ ಕೆಂಪಾಗಿ ಹರಿಯುವಾಗ ಅದರ ಮೇಲೆ ಹದಿಮೂರು ವರ್ಷದ ಹುಡುಗಿ ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತಾಳೆ, ಹಿಂದಿನಿಂದ ಅಜ್ಜಿ ನಿಂತು ನೋಡುತ್ತಾಳೆ. ಕಳಸಕ್ಕೂ ಹೊರನಾಡಿಗೂ ನಡುವೆ ಭದ್ರೆಯ ಮೇಲೆ ಹೆಬ್ಬಾಳೆ ಸೇತುವೆ ಇದೆ; ಕುದುರೆಮುಖದ ಕಡೆ ಜೋರು ಮಳೆಯಾದರೆ ಅದು ಮುಳುಗುತ್ತದೆ. ಸೇತುವೆ ಮುಳುಗಿತು ಎಂದರೆ ಆಚೆ ದಡದ ಮಕ್ಕಳಿಗೆ ಆ ದಿನ ಪಾಠವಿಲ್ಲ. ಮಳೆ ರಜೆಯನ್ನು ಜಿಲ್ಲಾಧಿಕಾರಿಗಳು ಘೋಷಿಸುತ್ತಾರೆ, ಆಮೇಲೆ ಅದನ್ನು ಶನಿವಾರ, ಭಾನುವಾರ ಪಾಠ ಮಾಡಿ ತುಂಬಿಸಬೇಕು. ಹಾಜರಿ ಪುಸ್ತಕದಲ್ಲಿ ಆ ದಿನಗಳಿಗೆ ಉದ್ದನೆಯ ಗೆರೆ ಎಳೆದು 'ಮಳೆ' ಎಂದು ಬರೆದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ.

2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ಬಯಲಿನ ಹೆಣ್ಣುಮಕ್ಕಳಿಗೆ ಅದು ರೆಕ್ಕೆಯಾಯಿತು. ನಮ್ಮ ಗುಡ್ಡದಲ್ಲಿ ಮಾತ್ರ ಅರ್ಧ ದಾರಿ ಹುಡುಗ ಸೈಕಲ್ ತಳ್ಳಿಕೊಂಡು ಹೋಗಬೇಕು, ಉಳಿದರ್ಧ ದಾರಿ ಸೈಕಲ್ಲೇ ಅವನನ್ನು ಎಳೆದುಕೊಂಡು ಹೋಗುತ್ತದೆ. ನಮ್ಮ ಮಕ್ಕಳನ್ನು ನಿಜವಾಗಿ ಶಾಲೆಗೆ ಮುಟ್ಟಿಸಿದ್ದು ಬಸ್ಸು. ಸಹಕಾರ ಸಾರಿಗೆಯ ಹೆಸರು ಹೇಳದೆ ಈ ಭಾಗದ ಶಾಲೆಯ ಕತೆ ಮುಗಿಯುವುದಿಲ್ಲ. ಶಂಕರ್ ಕಂಪನಿಯ ಬಸ್ಸುಗಳು ನಿಂತಾಗ, ಅದರ ಕಾರ್ಮಿಕರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಸಹಕಾರ ಸಂಘ ಕಟ್ಟಿಕೊಂಡು ಬಸ್ಸು ಓಡಿಸಿದರು. ಡ್ರೈವರೇ ಮಾಲೀಕ, ಕಂಡಕ್ಟರೇ ಮಾಲೀಕ. ಯಾವ ತಿರುವಿನಲ್ಲಿ ಯಾವ ಮಗು ನಿಂತಿರುತ್ತದೆ ಎಂದು ಅವರಿಗೆ ಗೊತ್ತಿತ್ತು. ನಿಂತಿಲ್ಲದಿದ್ದರೆ ಒಂದು ಹಾರನ್ನು ಹೊಡೆದು ಅರ್ಧ ನಿಮಿಷ ಕಾಯುತ್ತಿದ್ದರು. 'ಏ ಪುಟ್ಟಿ, ಓಡಿ ಬಾ ಮಾರಾಯ್ತಿ, ಪರೀಕ್ಷೆ ಅಲ್ವೇನೆ ಇವತ್ತು?' ಎಂದು ಕಂಡಕ್ಟರು ಕೂಗುವುದು ನಾನು ಕೇಳಿದ್ದೇನೆ. ಅದೂ ಒಂದು ಬಗೆಯ ಹಾಜರಿಯೇ. 2020ರ ಫೆಬ್ರುವರಿಯಲ್ಲಿ ಆ ಬಸ್ಸುಗಳು ನಷ್ಟ ತಾಳಲಾರದೆ ನಿಂತವು. ಮರುತಿಂಗಳೇ ಕೋವಿಡ್ ಬಂದು ಶಾಲೆಗಳೂ ಮುಚ್ಚಿದವು.

ಮಲೆನಾಡಿನ ಶಾಲೆಗೆ ಎರಡು ಪಂಚಾಂಗ. ಒಂದು ಇಲಾಖೆಯದು, ಇನ್ನೊಂದು ಕಾಫಿಯದು. ಆಗಸ್ಟ್ ಹದಿನೈದಕ್ಕೆ ಸುರಿಯುವ ಮಳೆಯಲ್ಲೇ ಪೆರೇಡು. ಬಾವುಟ ಒದ್ದೆಯಾಗಿ ಕಂಬಕ್ಕೆ ಅಂಟಿಕೊಂಡಿರುತ್ತದೆ, ಮಕ್ಕಳು ಲಾಡಿನ ಪೊಟ್ಟಣವನ್ನು ಅಂಗಿಯೊಳಗೆ ಮುಚ್ಚಿಟ್ಟುಕೊಂಡು ಓಡುತ್ತಾರೆ. ಆಮೇಲೆ ಗಣಪತಿ, ತಾಲ್ಲೂಕು ಮಟ್ಟದ ಆಟೋಟ, ಕೆಸರಿನಲ್ಲಿ ಖೋ ಖೋ. ನವೆಂಬರು ಬಂದರೆ ರಾಜ್ಯೋತ್ಸವದ ಜೊತೆಗೇ ಅರೇಬಿಕಾ ಹಣ್ಣಾಗುತ್ತದೆ. ಅಲ್ಲಿಂದ ಹಾಜರಿ ಪುಸ್ತಕದಲ್ಲಿ ಗೈರಿನ ಗುರುತು ಹೆಚ್ಚುತ್ತದೆ. ಕೊಯ್ಲಿನಲ್ಲಿ ಕೆ.ಜಿ. ಲೆಕ್ಕದಲ್ಲಿ ಕೂಲಿ ಸಿಗುವುದರಿಂದ ಮನೆಯಲ್ಲಿ ಎಷ್ಟು ಕೈ ಇದ್ದರೆ ಅಷ್ಟು ಒಳ್ಳೆಯದು. ಅರೇಬಿಕಾ ಮುಗಿಯುವಷ್ಟರಲ್ಲಿ ರೊಬಸ್ಟಾ. ವಾರ್ಷಿಕೋತ್ಸವವನ್ನು ಯಾವ ದಿನ ಇಡಬೇಕೆಂದು ಹೆಡ್‌ಮಾಸ್ಟರು ಮೇಲಧಿಕಾರಿಗಳನ್ನು ಕೇಳುವ ಮೊದಲು ತೋಟದ ರೈಟರನ್ನು ಕೇಳುತ್ತಿದ್ದರು. ಕೊಯ್ಲಿಲ್ಲದ ಸಂಜೆ ನೋಡಿ ಇಟ್ಟರೆ ಮೈದಾನ ತುಂಬುತ್ತದೆ, ಇಲ್ಲದಿದ್ದರೆ ನಾಟಕಕ್ಕೆ ಜನರೇ ಇರುವುದಿಲ್ಲ.

ಇನ್ನು ಮಾರ್ಚ್. ಎಸ್.ಎಸ್.ಎಲ್.ಸಿ. ಪರೀಕ್ಷೆಯ ಕಾಲವೂ ಅದೇ, ಹೂ ಮಳೆಗೆ ಕಾಯುವ ಕಾಲವೂ ಅದೇ. ಅಪ್ಪ ಜಗಲಿಯಲ್ಲಿ ನಿಂತು 'ಒಂದು ಇಂಚು ಇಪ್ಪತ್ತು ಸೆಂಟ್ಸ್ ಆಯ್ತು, ಸಾಕು' ಎಂದು ಮಳೆ ಅಳೆಯುತ್ತಿರುತ್ತಾನೆ. ಒಳಗೆ ಮಗಳು ಪ್ರಮೇಯ ಉರು ಹೊಡೆಯುತ್ತಿರುತ್ತಾಳೆ. ಮಳೆಯಾಗಿ ಎಂಟು ಹತ್ತು ದಿನಕ್ಕೆ ಗುಡ್ಡವಿಡೀ ಬೆಳ್ಳಗಾಗುತ್ತದೆ. ಪರೀಕ್ಷಾ ಕೊಠಡಿಯ ಕಿಟಕಿಯಿಂದ ಆ ಪರಿಮಳ ಒಳಗೆ ಬರುತ್ತದೆ. ಎಲ್ಲೆಲ್ಲಿಗೋ ಹೋಗಿ ನೆಲೆಸಿದ ನನ್ನ ಶಿಷ್ಯರು ಕಾಫಿ ಹೂವಿನ ವಾಸನೆ ನೆನೆದರೆ ಈಗಲೂ ಗಣಿತದ ಪರೀಕ್ಷೆಯ ಭಯವಾಗುತ್ತದೆ ಎನ್ನುತ್ತಾರೆ.

ಶಾಲೆ ಪಾಠಕ್ಕಷ್ಟೇ ಇದ್ದ ಮನೆಯಲ್ಲ. ಮತಗಟ್ಟೆ ಅಲ್ಲಿ, ಲಸಿಕೆ ಅಲ್ಲಿ, ಯಕ್ಷಗಾನಕ್ಕೆ ರಂಗಸ್ಥಳ ಅಲ್ಲಿ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ, ಚನ್ನಹಡ್ಲು ಕಡೆ ಗುಡ್ಡ ಕುಸಿದು ತೋಟ ಗದ್ದೆಗಳೇ ಕೊಚ್ಚಿಹೋದವು. ಇಂಥ ಹೊತ್ತಿನಲ್ಲಿ ಮನೆ ಬಿಟ್ಟು ಬಂದವರಿಗೆ ಮಲೆನಾಡಿನಲ್ಲಿ ಬಾಗಿಲು ತೆರೆಯುವುದು ಶಾಲೆ, ಹಾಸ್ಟೆಲು, ಸಮುದಾಯ ಭವನಗಳೇ. ದೊಡ್ಡ ತೋಟದವರೂ ಅಲ್ಲೇ ಚಾಪೆ ಹಾಸಬೇಕು, ಕೂಲಿಯವರೂ ಅಲ್ಲೇ. ನಮ್ಮ ಶಾಲೆಯ ಊಟದ ಸಾಲಿನ ಬಗ್ಗೆಯೂ ಹೇಳಬೇಕು. ಹಿಂದೆ ಮಧ್ಯಾಹ್ನದ ಲಾಂಗ್ ಬೆಲ್ ಹೊಡೆದರೆ ಡಬ್ಬಿಗಳು ಬಿಚ್ಚಿಕೊಳ್ಳುತ್ತಿದ್ದವು. ಒಂದರಲ್ಲಿ ಕಡುಬು, ಕೋಳಿ ಸಾರು. ಒಂದರಲ್ಲಿ ತಣ್ಣಗಿನ ಅಕ್ಕಿ ರೊಟ್ಟಿ, ಉಪ್ಪಿನಕಾಯಿ. ಡಬ್ಬಿಯೇ ಇಲ್ಲದವರು 'ನೀರು ಕುಡಿದು ಬರ್ತೀವಿ' ಎಂದು ನಲ್ಲಿಯ ಕಡೆ ಹೋಗಿ, ಗಂಟೆ ಹೊಡೆಯುವವರೆಗೆ ಅಲ್ಲೇ ಇರುತ್ತಿದ್ದರು. ಅಕ್ಷರ ದಾಸೋಹ ಹೈಸ್ಕೂಲಿಗೂ ಬಂದ ಮೇಲೆ ಆ ನಲ್ಲಿಯ ಹತ್ತಿರದ ಗುಂಪು ಇಲ್ಲವಾಯಿತು. ಜಾತಿಗೊಂದು ಪಂಕ್ತಿ ಕಂಡ ನಾಡಿನಲ್ಲಿ ಹಾಜರಿ ಪುಸ್ತಕದ ಸಾಲೇ ಊಟದ ಸಾಲೂ ಆಯಿತು. ಇದನ್ನು ನಾನು ಸಣ್ಣದೆಂದು ತಿಳಿಯುವುದಿಲ್ಲ.

ಹಾಗೆಂದು ಶಾಲೆಯನ್ನು ದೇವಸ್ಥಾನ ಮಾಡಿ ಕೂರಿಸುವುದೂ ಸರಿಯಲ್ಲ. ನಮ್ಮ ತಪ್ಪುಗಳೂ ಇದ್ದವು. ಮೂಡಿಗೆರೆಯಲ್ಲೇ ಬದುಕಿ, 2007ರ ಏಪ್ರಿಲ್ 5ರಂದು ತೀರಿಕೊಂಡ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೋ' ಕಾದಂಬರಿಯಲ್ಲಿ ಮಂದಣ್ಣ ಎಂಬುವನಿದ್ದಾನೆ. ಊರವರ ಕಣ್ಣಿಗೆ ಅವನು ಕೆಲಸಕ್ಕೆ ಬಾರದ ಉಂಡಾಡಿ. ಕರ್ವಾಲೋ ಎಂಬ ವಿಜ್ಞಾನಿಯ ಕಣ್ಣಿಗೆ ಅವನು ಹುಟ್ಟು ಜೀವವಿಜ್ಞಾನಿ. ನನ್ನ ತರಗತಿಯಲ್ಲೂ ಮಂದಣ್ಣಂದಿರು ಇದ್ದರು. ಒಬ್ಬನಿಗೆ ಹಕ್ಕಿಯ ಕೂಗು ಕೇಳಿ ಅದರ ಗೂಡು ಎಷ್ಟು ಎತ್ತರದಲ್ಲಿದೆ ಎಂದು ಹೇಳಲು ಬರುತ್ತಿತ್ತು. ಸಂಧಿ ಬಿಡಿಸಲು ಬರುತ್ತಿರಲಿಲ್ಲ. ಅವನನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೆ. ಎರಡನೇ ಸಲವೂ ಫೇಲಾಗಿ ಚೆಕ್‌ರೋಲಿಗೆ ಸೇರಿದ. ಹೆಸರು ಕರೆಯುವುದು ನನಗೆ ಗೊತ್ತಿತ್ತು. ಕರೆದಾಗ ಎದ್ದುನಿಂತವನು ಯಾರೆಂದು ನೋಡುವುದು ಗೊತ್ತಿರಲಿಲ್ಲ.

ಈಗ ಆ ಬೆಂಚುಗಳ ಗತಿ ಏನಾಗಿದೆ? ಕತೆ ಸ್ವಲ್ಪ ದೂರದಿಂದ ಶುರುವಾಗುತ್ತದೆ. 1994ರಲ್ಲಿ ಬ್ರೆಜಿಲ್ ದೇಶದಲ್ಲಿ ಹಿಮ ಬಿದ್ದು ಕಾಫಿ ಗಿಡಗಳು ಸುಟ್ಟುಹೋದವು. ಅಷ್ಟರಲ್ಲಿ ಇಲ್ಲಿ ಕಾಫಿ ಬೋರ್ಡಿನ ಹಿಡಿತ ಸಡಿಲವಾಗಿ, ಬೆಳೆಗಾರರು ತಾವೇ ಮಾರುವ ದಾರಿ ತೆರೆದಿತ್ತು. ಹಿಂದೆಂದೂ ಕಾಣದ ಬೆಲೆ ಬಂತು. ಮನೆ ಎದ್ದವು, ಜೀಪು ಬಂದವು. ನಾನು ಕಂಡಂತೆ, ಕೈಯಲ್ಲಿ ದುಡ್ಡು ಓಡಾಡಿದ ಮನೆಗಳು ಬೇಗನೆ ಮಾಡಿದ ಇನ್ನೊಂದು ಕೆಲಸವೆಂದರೆ ಮಕ್ಕಳನ್ನು ಸರ್ಕಾರಿ ಹೈಸ್ಕೂಲಿನಿಂದ ಬಿಡಿಸಿದ್ದು. ಕೆಲವರು ಚಿಕ್ಕಮಗಳೂರಿನ ಕಾನ್ವೆಂಟಿಗೆ, ಕೆಲವರು ಚಾರ್ಮಾಡಿ ಘಾಟಿ ಇಳಿದು ಉಜಿರೆ, ಮೂಡುಬಿದಿರೆ, ಮಂಗಳೂರಿನ ಹಾಸ್ಟೆಲುಗಳಿಗೆ. ಅಣ್ಣಪ್ಪ ಎದ್ದು ಹೋದ. ಸ್ವಲ್ಪ ದಿನಕ್ಕೆ ಅಬ್ದುಲ್ಲನೂ ಹಳದಿ ವ್ಯಾನು ಹತ್ತಿದ. ಬೆಲೆ ಮುಂದೆ ಬಿತ್ತು, ಮತ್ತೆ ಎದ್ದಿತು. ಹೋದ ಮಕ್ಕಳು ಮಾತ್ರ ಬರಲಿಲ್ಲ. ಯಾರನ್ನೂ ದೂರುವುದಕ್ಕೆ ಈ ಮಾತಲ್ಲ. ಮಗ ಇಂಗ್ಲಿಷು ಕಲಿಯಲಿ ಎಂದು ಯಾವ ತಂದೆ ಆಸೆಪಡುವುದಿಲ್ಲ? ನನ್ನ ಸಹೋದ್ಯೋಗಿಗಳಲ್ಲೇ ಎಷ್ಟೋ ಜನರ ಮಕ್ಕಳು ನಮ್ಮ ಶಾಲೆಯಲ್ಲಿ ಓದಲಿಲ್ಲ.

ಇದರ ಜೊತೆಗೆ ಊರಿನಲ್ಲೇ ಮಕ್ಕಳು ಕಡಿಮೆಯಾದರು. 2001ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ಸುಮಾರು 11.41 ಲಕ್ಷ, 2011ರಲ್ಲಿ 11.38 ಲಕ್ಷ. ನಾಡೆಲ್ಲ ಬೆಳೆಯುತ್ತಿದ್ದಾಗ ನಮ್ಮ ಜಿಲ್ಲೆ ಇಳಿಯಿತು. ಕುದುರೆಮುಖವನ್ನು ನೋಡಿ. 1976ರಲ್ಲಿ ಕಬ್ಬಿಣದ ಅದಿರಿನ ಕಂಪನಿ ಹುಟ್ಟಿ, ಕಾಡಿನ ನಡುವೆ ಒಂದು ಪಟ್ಟಣವೇ ಎದ್ದಿತು. ಮನೆ, ಆಸ್ಪತ್ರೆ, ಶಾಲೆ ಎಲ್ಲ ಬಂದವು. 2005ರ ಕೊನೆಯ ದಿನ ಗಣಿ ನಿಂತಿತು. ಕಾಡಿಗೆ ಅದು ಒಳ್ಳೆಯದೇ ಆಯಿತು. ಆದರೆ ಗಣಿಯ ಮೇಲೆ ನಿಂತ ಪಟ್ಟಣದಿಂದ ಮನೆಗಳು ಒಂದೊಂದಾಗಿ ಖಾಲಿಯಾದಾಗ, ಶಾಲೆಯ ಬೆಂಚುಗಳೂ ಖಾಲಿಯಾದವು. ಒಂದೇ ಕಸುಬಿನ ಮೇಲೆ ನಿಂತ ಶಾಲೆ ಆ ಕಸುಬಿನಷ್ಟೇ ಆಯಸ್ಸಿನದು. ಎಲ್ಲರ ಮೇಲೆ ನಿಂತ ಶಾಲೆ ಬಾಳುತ್ತದೆ. ನಮ್ಮ ಹೈಸ್ಕೂಲುಗಳು ಈಗ ನಿಧಾನವಾಗಿ ಒಂದೇ ಬಗೆಯ ಜನರ ಶಾಲೆಗಳಾಗುತ್ತಿವೆ. ಬೇರೆ ದಾರಿಯಿಲ್ಲದವರ ಶಾಲೆ ಎಂಬ ಹೆಸರು ಒಮ್ಮೆ ಅಂಟಿಕೊಂಡರೆ ಬಿಡಿಸುವುದು ಉಂಬಳ ಬಿಡಿಸಿದಷ್ಟು ಸುಲಭವಲ್ಲ.

1966ರಲ್ಲಿ ಕೊಠಾರಿ ಆಯೋಗ ತನ್ನ ವರದಿಯಲ್ಲಿ ನೆರೆಹೊರೆಯ ಶಾಲೆ ಎಂಬ ಮಾತು ಹೇಳಿತ್ತು. ಒಂದು ಊರಿನ ಮಕ್ಕಳೆಲ್ಲ, ಬಡವರಿರಲಿ ಬಲ್ಲಿದರಿರಲಿ, ಆ ಊರಿನ ಶಾಲೆಯಲ್ಲೇ ಓದಬೇಕು ಎಂಬುದು ಅದರ ಸಾರ. ದಿಲ್ಲಿಯ ಆ ವರದಿಯನ್ನು ಮಲೆನಾಡಿನಲ್ಲಿ ಎಷ್ಟು ಜನ ಓದಿದ್ದರೋ ಕಾಣೆ. ಆದರೆ ಬೇರೆ ಶಾಲೆಯೇ ಇಲ್ಲದ ಕಾರಣಕ್ಕೆ ನಾವು ಅದನ್ನು ಮೂವತ್ತು ವರ್ಷ ಆಚರಣೆಯಲ್ಲಿ ಇಟ್ಟಿದ್ದೆವು. ಬೇರೆ ಶಾಲೆ ಬಂದ ಮೇಲೆ ಬಿಟ್ಟುಬಿಟ್ಟೆವು. ಅಂದರೆ ಅದು ನಮ್ಮ ಸದ್ಗುಣವಾಗಿರಲಿಲ್ಲ, ಅನಿವಾರ್ಯವಾಗಿತ್ತು ಎಂದಾಯಿತು. ಈ ಮಾತು ಕಹಿ, ಆದರೂ ಒಪ್ಪಿಕೊಳ್ಳಬೇಕು.

ಪೂರ್ತಿ ಕತ್ತಲೆಯ ಕತೆ ಹೇಳುವುದಕ್ಕೆ ನಾನು ಬಂದಿಲ್ಲ. 2020ರಲ್ಲಿ ಶಾಲೆ ಮುಚ್ಚಿದ್ದಾಗ ವಿದ್ಯಾಗಮ ಎಂಬ ಯೋಜನೆಯಲ್ಲಿ ಮೇಷ್ಟ್ರುಗಳೇ ಮಕ್ಕಳಿದ್ದಲ್ಲಿಗೆ ಹೋದರು. ಫೋನಿಗೆ ಸಿಗ್ನಲ್ ಸಿಗದ ಲೈನ್ ಮನೆಗಳ ಮುಂದೆ, ಕಾಫಿ ಒಣಗಿಸುವ ಕಣದಲ್ಲಿ ಪಾಠ ನಡೆಯಿತು. ತಾವು ಇಷ್ಟು ವರ್ಷ ಹಾಜರಿ ಕರೆದ ಮಗುವಿನ ಮನೆ ಎಷ್ಟು ಚಿಕ್ಕದು ಎಂದು ಎಷ್ಟೋ ಮೇಷ್ಟ್ರು ಕಣ್ಣಾರೆ ಕಂಡದ್ದು ಆಗಲೇ. ಈಗ ಕಳಸವೇ ಬೇರೆ ತಾಲ್ಲೂಕಾಗಿದೆ. ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು 2019-20ರಿಂದ ಶುರುವಾಗಿವೆ. ತೋಟಗಳಿಗೆ ಅಸ್ಸಾಮಿನಿಂದ ಹೊಸ ಆಳುಗಳು ಬಂದಿದ್ದಾರೆ. ಅವರ ಮಕ್ಕಳು ದಾಖಲಾತಿ ಪುಸ್ತಕದ ಮಾತೃಭಾಷೆಯ ಕಾಲಮ್ಮಿಗೆ ಹೊಸ ಶಬ್ದ ತಂದಿದ್ದಾರೆ. ಹಿಂದೆ ತಮಿಳಿನ ಮಗು ಕಬಡ್ಡಿ ಆಡುತ್ತಾ ಕನ್ನಡ ಕಲಿತ ಹಾಗೆ ಇವೂ ಕಲಿಯುತ್ತವೆ. ಆದರೆ ಕಲಿಸುವುದಕ್ಕೆ ಅಂಕಣದ ಆಚೆ ಬದಿಯಲ್ಲಿ ಊರಿನ ಮಕ್ಕಳು ಇರಬೇಕಲ್ಲ?

ಕೊನೆಯದಾಗಿ ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತು. ನೀವು ವರ್ಷಕ್ಕೊಮ್ಮೆ ಬಂದು ಗುರುವಂದನೆ ಮಾಡುತ್ತೀರಿ. ಶಾಲು ಹೊದಿಸುತ್ತೀರಿ, ಹಣ್ಣಿನ ಬುಟ್ಟಿ ಕೊಡುತ್ತೀರಿ, ಫೋಟೋ ತೆಗೆಸಿಕೊಳ್ಳುತ್ತೀರಿ. ನನ್ನ ಬೀರುವಿನಲ್ಲಿ ಇನ್ನು ಶಾಲಿಗೆ ಜಾಗವಿಲ್ಲ. ಮುಂದಿನ ಸಲ ಶಾಲಿನ ಬದಲು ಬೇರೆ ಒಂದೆರಡು ಕೆಲಸ ಮಾಡಿ. ನೀವು ಓದಿದ ಶಾಲೆಯ ಅಭಿವೃದ್ಧಿ ಸಮಿತಿಯ ಸಭೆಗೆ ಹೋಗಿ ಕೂತುಕೊಳ್ಳಿ. ಶಾಲೆಯ ಜಾಗದ ಖಾತೆ ಶಾಲೆಯ ಹೆಸರಿಗೆ ಆಗಿದೆಯೇ ವಿಚಾರಿಸಿ. ಅಜ್ಜ ಬಾಯಿಮಾತಿನಲ್ಲಿ ಕೊಟ್ಟ ಜಾಗವನ್ನು ಮೊಮ್ಮಗ ಕೇಳುವ ಕಾಲ ಇದು. ನಿಮ್ಮ ತೋಟದಲ್ಲಿ ಹದಿಮೂರು, ಹದಿನಾಲ್ಕು ವರ್ಷದ ಮಗು ಕೊಯ್ಲಿಗೆ ಬಂದರೆ, ಅದರ ಕೈಯಿಂದ ಬುಟ್ಟಿ ಇಳಿಸಿ ಶಾಲೆಯ ದಾರಿಗೆ ಹಚ್ಚಿ. ಸಾಧ್ಯವಾದರೆ, ಮನೆಯ ಮಕ್ಕಳಲ್ಲಿ ಒಂದನ್ನಾದರೂ ಆ ಹೈಸ್ಕೂಲಿಗೇ ಸೇರಿಸಿ. ನೀವು ಬೆಂಚು ಕೊಡಿಸುವುದಕ್ಕಿಂತ ನಿಮ್ಮ ಮಗು ಆ ಬೆಂಚಿನ ಮೇಲೆ ಕೂರುವುದು ದೊಡ್ಡ ದಾನ. ಮಾಲೀಕರ ಮಗು ಕೂತ ಕೋಣೆಯ ಹೆಂಚು ಸೋರುವುದಿಲ್ಲ. ಇದು ನಾನು ಸರ್ವೀಸಿನಲ್ಲಿ ಕಲಿತ ಪಾಠ.

ಜೂನ್ ತಿಂಗಳಲ್ಲಿ ಮತ್ತೆ ಗಂಟೆ ಹೊಡೆಯುತ್ತದೆ, ಮೇಷ್ಟ್ರು ಪುಸ್ತಕ ಬಿಚ್ಚುತ್ತಾರೆ. ಆಂಟನಿ, ಈಶ್ವರ ಇಬ್ಬರ ಹೆಸರೂ ಅದರಲ್ಲಿವೆ. ಅವರ ಮೇಲಿನ ಎರಡು ಸಾಲು ಖಾಲಿ ಇವೆ. ಅವನ್ನು ತುಂಬುವ ಕೆಲಸ ನಿಮ್ಮದು.